ಮೂರು ಪಾಳಿಯ ಮಟ್ಟು

ಹಟ್ಟಿಯ ಚಿನ್ನದ ಗಣಿಯಲ್ಲಿ ನಾನು ಬಿಲ್ಲೆ ಗುಮಾಸ್ತನಾಗಿದ್ದೆ. ಗಣಿಗೆ ಇಳಿಯುವ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ನನ್ನ ಕಿಟಕಿಯಲ್ಲಿ ಕೊಟ್ಟು ಇಳಿಯಬೇಕು, ಮೇಲೆ ಬಂದಾಗ ಅದನ್ನು ತೆಗೆದುಕೊಂಡು ಮನೆಗೆ ಹೋಗಬೇಕು. ಬಿಲ್ಲೆ ತೂಗುಹಾಕುವ ಹಲಗೆಯ ಮೇಲೆ ಒಂದು ಉಳಿದರೆ ಒಬ್ಬ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದು ಅರ್ಥ. ಆ ಕೆಲಸ ನನ್ನ ಸ್ವಭಾವಕ್ಕೆ ಸರಿಯಾಗಿ ಹೊಂದಿತ್ತು. ಒಂದು ಸಲ ಎಣಿಸಿದರೆ ಸಾಕಾಗುವಲ್ಲಿ ನಾನು ಮೂರು ಸಲ ಎಣಿಸುತ್ತಿದ್ದೆ. ಇದೇ ಸ್ವಭಾವ ಹಾಡಿಗೆ ಮಟ್ಟು ಹಾಕುವ ಕೆಲಸಕ್ಕೆ ಹೊಂದುತ್ತದೆಯೋ ಇಲ್ಲವೋ ಎಂಬುದು ೧೯೫೫ರ ಮಳೆಗಾಲ ಮುಗಿಯುವವರೆಗೆ ನನಗೆ ಗೊತ್ತಿರಲಿಲ್ಲ.

ನನ್ನ ಊರು ಪಾಮನಕಲ್ಲೂರು. ಅಲ್ಲಿ ಯಾರಾದರೂ ನನ್ನನ್ನು ಅಂಬಪ್ಪ ಎಂದು ಪೂರ್ತಿ ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ಊರ ಹೊರಗಿನ ಕೇರಿಯವರನ್ನು ಹಾಗೆ ಕರೆಯುವ ರೂಢಿ ಇರಲಿಲ್ಲ. ಹಟ್ಟಿಗೆ ಬಂದು, ಸಂಜೆ ಶಾಲೆಗೆ ಹೋಗಿ ಅಕ್ಷರ ಕಲಿತ ಮೇಲೆ ಗುಮಾಸ್ತಿಕೆ ಸಿಕ್ಕಿತು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಅದನ್ನು ಕಲಿಸಿದವರು ಲಿಂಗಸುಗೂರಿನ ದರ್ಜಿ ಮಲೀಕಸಾಬರು. ಅವರು ಪ್ರಾಯದಲ್ಲಿ ಒಂದು ನಾಟಕ ಕಂಪನಿಯಲ್ಲಿ ಹನ್ನೆರಡು ವರ್ಷ ಪೇಟಿ ನುಡಿಸಿದವರು. ನಾಲ್ಕು ವರ್ಷದ ಆಯಿತವಾರಗಳಲ್ಲಿ, ಅವರ ಹೊಲಿಗೆ ಯಂತ್ರದ ಸದ್ದು ನಿಂತಾಗಲೆಲ್ಲ ಅಷ್ಟಷ್ಟು ಕಲಿತೆ. ಗಣಿಯ ನಾಟಕ ಸಂಘದವರು ನನ್ನನ್ನು ಪೇಟಿಯ ಮುಂದೆ ಕೂರಿಸಿ ಮಾಸ್ತರ ಎಂದು ಕರೆದ ದಿನ, ಮನೆಗೆ ಬಂದು ಹೆಂಡತಿ ಬಸ್ಸಮ್ಮನಿಗೆ ಆ ಮಾತನ್ನು ಎರಡು ಸಲ ಹೇಳಿದೆ. ಮೊದಲನೆಯ ಸಲವೇ ಕೇಳಿಸಿತೆಂದು ಅವಳು ನಕ್ಕಳು.

ನಮ್ಮ ಭಾಗದ ನಾಟಕಗಳಲ್ಲಿ ಮಾಸ್ತರನ ಕೆಲಸವೆಂದರೆ ಹೊಸ ರಾಗ ಕಟ್ಟುವುದಲ್ಲ. ನಾಟಕ ಬರೆದವರು ಹಾಡು ಬರೆಯುವಾಗಲೇ ಯಾವುದೋ ಕಂಪನಿಯ ಹೆಸರಾದ ಹಾಡನ್ನು ಮನಸ್ಸಿನಲ್ಲಿಟ್ಟುಕೊಂಡು, ಅದರ ಅಳತೆಗೆ ತಮ್ಮ ಮಾತು ಕೂರಿಸುತ್ತಾರೆ. ಹಾಡಿನ ಪುಸ್ತಕ ಅಚ್ಚಾಗುವಾಗ ಪ್ರತಿ ಹಾಡಿನ ತಲೆಯ ಮೇಲೆ ‘ಮಟ್ಟು’ ಎಂದು ಬರೆದು ಆ ಹಳೆಯ ಹಾಡಿನ ಮೊದಲ ಸಾಲು ಕೊಡುತ್ತಾರೆ. ಓದಿದವನು ಅಲ್ಲಿಯೇ ಹಾಡಿಕೊಳ್ಳಬಹುದು. ಮಾಸ್ತರ ಆ ಹಳೆಯ ಮಟ್ಟನ್ನು ನಟರ ಬಾಯಿಗೆ ಕೂರಿಸಿದರೆ ಆಯಿತು. ನಾನು ಐದು ನಾಟಕಗಳಿಗೆ ಹಾಗೆಯೇ ಮಾಡಿದ್ದೆ. ಆದರೆ ಪುಸ್ತಕ ಕೈಗೆ ಬಂದಾಗಲೆಲ್ಲ ಆ ಮಟ್ಟು ಎಂಬ ಪದದ ಮುಂದಿನ ಜಾಗವನ್ನು ನೋಡುತ್ತಿದ್ದೆ. ಒಂದಾದರೂ ಹಾಡಿನ ತಲೆಯ ಮೇಲೆ ಬೇರೆಯವರ ಹಾಡು ಇರಬಾರದು ಎಂಬ ಆಸೆ ಇತ್ತು. ಆ ಆಸೆಯನ್ನು ಯಾರ ಮುಂದೆಯೂ ಹೇಳಿರಲಿಲ್ಲ.

ಆ ವರ್ಷ ಸಿಂಧನೂರಿನ ಕಡೆ ಕಾಲುವೆಯ ಅಗೆತ ಜೋರಾಗಿ ನಡೆದಿತ್ತು. ಮಸ್ಕಿಯ ಶಾಲೆಯಲ್ಲಿ ಪಾಠ ಹೇಳುವ ಬಸವಂತರಾಯರು ಕಾಲುವೆಯ ಮೇಲೆಯೇ ಒಂದು ನಾಟಕ ಬರೆದುಕೊಟ್ಟರು. ಅದರಲ್ಲಿ ಇಪ್ಪತ್ತೊಂದು ಜನ ಗುದ್ದಲಿ ಹಿಡಿದು ಹಾಡುವ ಒಂದು ಹಾಡಿತ್ತು.

ಅಗಿಯೋಣ ಬರ್ರೆಪ್ಪ ಅಗಿಯೋಣ,
ನೀರು ನಡೆಯುವ ದಾರಿ ಅಗಿಯೋಣ.

ಅವರು ಅದನ್ನು ಯಾವ ಮಟ್ಟಿಗೂ ಬರೆದಿರಲಿಲ್ಲ. ಅಗೆಯುವವರ ಗುದ್ದಲಿಯ ಪೆಟ್ಟು ಕೇಳುತ್ತ ಬರೆದರಂತೆ. ನನಗೆ ಗೊತ್ತಿದ್ದ ಮಟ್ಟುಗಳನ್ನೆಲ್ಲ ಹಚ್ಚಿ ನೋಡಿದೆ, ಒಂದೂ ಕೂರಲಿಲ್ಲ. ಸಂಘದ ಹಿರಿಯರು ಉಗ್ರಾಣದ ಕರಿಬಸಯ್ಯನವರು. ಅವರ ಮುಂದೆ ನಿಂತು, ಇದೊಂದಕ್ಕೆ ನಾನೇ ಮಟ್ಟು ಹಾಕಲೇ ಎಂದು ಕೇಳಿದೆ. ಕೇಳಿ ಮುಗಿಸುವಷ್ಟರಲ್ಲಿ ಕೇಳಬಾರದಿತ್ತು ಅನಿಸಿತು.

“ಹಾಕ್ರಿ ಮಾಸ್ತರ, ಬ್ಯಾಡಂದಾವ್ರು ಯಾರು?” ಎಂದರು ಅವರು. “ಆದ್ರ ಇನ್ನ ಹದಿನೈದು ದಿವಸಕ್ಕ, ಆಯಿತವಾರ, ಇಪ್ಪತ್ತೊಂದು ಮಂದೀನೂ ಒಂದ ಬಾಯಿಲೆ ಹಾಡಬೇಕು. ಸೋಮವಾರ ಹಾಡಿನ ಪುಸ್ತಕ ರಾಯಚೂರಿಗೆ ಛಾಪಾಕ್ಕ ಹೋಗತೈತಿ. ಆಗಲಿಲ್ಲಂದ್ರ ಬಸವಂತರಾಯರಿಗೆ ಹೇಳಿ ಸಾಲು ತಿದ್ದಿಸಿ ಯಾವದರ ಹಳೇ ಮಟ್ಟಿಗೆ ಕುಂದರಸತೀನಿ.”

ಮಟ್ಟು ಮರುದಿನವೇ ಬಂತು. ಬೆಳಿಗ್ಗೆ ರಾತ್ರಿ ಪಾಳಿಯವರು ಗಣಿಯಿಂದ ಮೇಲೆ ಬಂದು ಮನೆಯ ಕಡೆ ನಡೆಯುವುದನ್ನು ನೋಡುತ್ತ ನಿಂತಿದ್ದೆ. ಅವರ ನಡಿಗೆಗೆ ಆ ಎರಡು ಸಾಲು ತಾವಾಗಿಯೇ ಸೇರಿಕೊಂಡವು. ಅಷ್ಟು ಸುಲಭವಾಗಿ ಬಂದದ್ದಕ್ಕೇ ನನಗೆ ಅನುಮಾನ ಹತ್ತಿತು. ಎಲ್ಲೋ ಕೇಳಿದ್ದು ನೆನಪಾಗಿದೆ, ನಾನು ಅದನ್ನು ನನ್ನದೆಂದುಕೊಂಡಿದ್ದೇನೆ ಎಂದು ಹೆದರಿ, ಆ ಆಯಿತವಾರವೇ ಲಿಂಗಸುಗೂರಿನ ಬಸ್ಸು ಹತ್ತಿದೆ. ಮಲೀಕಸಾಬರು ಯಂತ್ರ ನಿಲ್ಲಿಸಿ ಕೇಳಿದರು. ಇನ್ನೊಮ್ಮೆ ಹಾಡಲು ಹೇಳಿದರು. ಆಮೇಲೆ ಪೇಟಿಯನ್ನು ತಮ್ಮ ಕಡೆ ಎಳೆದುಕೊಂಡು, ಕಂಪನಿಯ ಹಾಡುಗಳನ್ನು ಒಂದೊಂದಾಗಿ ನೆನಪಿಸಿಕೊಂಡು ನುಡಿಸುತ್ತ ಅರ್ಧ ತಾಸು ಹುಡುಕಿದರು. ಎದುರಿಗೆ ಒಬ್ಬರು ಅಂಗಿಯ ಅಳತೆ ಕೊಡಲು ಬಂದು ನಿಂತೇ ಇದ್ದರು.

“ನನಗ ಗೊತ್ತಿದ್ದ ಮಟ್ಟಿನ್ಯಾಗ ಇದು ಇಲ್ಲ,” ಎಂದರು ಕೊನೆಗೆ. “ಇಲ್ಲಂದ್ರ ನಿಂದ ಇರಬೇಕು. ಅದಕ್ಯಾಕ ಮಾರಿ ಸಣ್ಣದು ಮಾಡ್ತೀಯೋ?”

ಹಾಡುವವರು ಇಪ್ಪತ್ತೊಂದು ಜನ, ಒಂದೊಂದು ಪಾಳಿಯಲ್ಲಿ ಏಳೇಳು ಮಂದಿ. ಒಬ್ಬರು ಮೇಲಿದ್ದಾಗ ಇನ್ನೊಬ್ಬರು ಕೆಳಗೆ. ಕರಿಬಸಯ್ಯನವರು ಮೇಲಧಿಕಾರಿಗಳಿಗೆ ಹೇಳಿ ಆ ಹದಿನೈದು ದಿನ ಇವರ ಪಾಳಿ ಬದಲಾಗದಂತೆ ನೋಡಿಕೊಂಡರು. ಆದರೂ ಮೂರು ಗುಂಪನ್ನೂ ಒಟ್ಟಿಗೆ ಕೂರಿಸುವಂತಿರಲಿಲ್ಲ. ಮುಂಜಾನೆ ಆರಕ್ಕೆ ಗಣಿಯ ಭೋಂಗಾ ಕೂಗಿದ ಮೇಲೆ ರಾತ್ರಿ ಪಾಳಿಯ ಶಾವಲಿ ಮತ್ತು ಅವನ ಆರು ಜನ ಬರುತ್ತಿದ್ದರು. ಮಧ್ಯಾಹ್ನ ನನ್ನ ಊಟದ ಬಿಡುವಿನಲ್ಲಿ, ಎರಡು ಗಂಟೆಗೆ ಇಳಿಯಬೇಕಾದ ಜಂಬಣ್ಣನ ಗುಂಪು. ಸಂಜೆ ನನ್ನ ಕೆಲಸ ಮುಗಿದ ಮೇಲೆ, ಮುಂಜಾನೆ ಪಾಳಿ ಮುಗಿಸಿ ಆಗಲೇ ಸ್ನಾನ ಮಾಡಿ ಉಂಡು ಮಲಗಿ ಎದ್ದುಬಂದ ಯಂಕೋಬನ ಗುಂಪು. ಹೀಗೆ ದಿನಕ್ಕೆ ಮೂರು ತಾಲೀಮು, ಸಂಘದ ತಗಡಿನ ಶೆಡ್ಡಿನಲ್ಲಿ.

ಶಾವಲಿಯ ಗುಂಪಿಗೆ ನಾನು ಬಂದ ಮಟ್ಟನ್ನೇ ಕಲಿಸಿದೆ. ಅವರ ಗಂಟಲಿನಲ್ಲಿ ಕಲ್ಲಿನ ಧೂಳಿರುತ್ತಿತ್ತು. ಅದಕ್ಕೆ ತಗ್ಗಿನ ಸ್ವರ ಹಿಡಿದು ನಿಧಾನಕ್ಕೆ ಹೇಳಿಕೊಟ್ಟೆ. ಎರಡು ದಿನದಲ್ಲಿ ಕಲಿತರು. ಮಧ್ಯಾಹ್ನ ಅದನ್ನೇ ಕಲಿಸುವಾಗ ಜಂಬಣ್ಣ, ಎರಡನೆಯ ಸಾಲು ಮಠದ ಮಂಗಳಾರತಿಯ ಹಾಗೆ ಕೇಳುತ್ತದಲ್ಲ ಎಂದ. ಸುಮ್ಮನೆ ಅಂದ ಮಾತು. ನನಗೆ ಮತ್ತೆ ಹಳೆಯ ಅನುಮಾನ ಎದ್ದಿತು. ಕೂಡಲೇ ಆ ಸಾಲನ್ನು ಮೇಲಕ್ಕೆ ಏರಿಸಿ, ಬೇರೆ ದಾರಿಯಿಂದ ಕೆಳಗೆ ತಂದೆ. ಸಂಜೆ ಯಂಕೋಬ, ಹಾಡು ಹೆಣದ ಮುಂದಿನ ಭಜನೆಯಷ್ಟು ನಿಧಾನವಾಯಿತು ಎಂದ. ಲಯ ದುಪ್ಪಟ್ಟು ಮಾಡಿದೆ, ಕೊನೆಯ ಎಳೆತ ಕತ್ತರಿಸಿದೆ.

ಮರುದಿನ ಮುಂಜಾನೆ ಎಲ್ಲರಿಗೂ ತಿದ್ದಿದ್ದನ್ನೇ ಕಲಿಸಬೇಕು ಎಂದುಕೊಂಡು ಹೋದೆ. ಶಾವಲಿಯವರು ರೆಪ್ಪೆಯ ಮೇಲೆ ಬೂದು ಧೂಳು ಹೊತ್ತುಕೊಂಡು, ಕಲಿತದ್ದನ್ನು ಒಪ್ಪಿಸಲು ಸಾಲಾಗಿ ಕೂತಿದ್ದರು. ಅದನ್ನು ಮರೆಯಿರಿ ಎಂದು ಹೇಳಲು ಮನಸ್ಸಾಗಲಿಲ್ಲ. ಅಲ್ಲದೆ ಅವರು ಹಾಡಿದ ಮೇಲೆ, ತಿದ್ದಿದ್ದಕ್ಕಿಂತ ತಿದ್ದದೆ ಬಿಟ್ಟದ್ದೇ ಚೆನ್ನಾಗಿದೆಯೇನೋ ಅನಿಸಿತು. ಮಧ್ಯಾಹ್ನ ಜಂಬಣ್ಣನದು ಚೆನ್ನ ಅನಿಸಿತು. ಸಂಜೆ ಯಂಕೋಬನದು. ಅವರವರದನ್ನು ಅಲ್ಲಲ್ಲಿಯೇ ಇನ್ನಷ್ಟು ತಿದ್ದುತ್ತ ಹೋದೆ.

ಬಸ್ಸಮ್ಮ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳುತ್ತಿದ್ದಳು. ನಾನು ಮನೆಯಲ್ಲಿ ತೊಡೆಯ ಮೇಲೆ ತಾಳ ಹಾಕಿಕೊಂಡು ಗುನುಗುತ್ತಿದ್ದೆನಲ್ಲ.

“ಮುಂಜಾನಿ ಒಂದು, ಮಧ್ಯಾಹ್ನ ಒಂದು, ಸಂಜಿಗೊಂದು,” ಎಂದಳು ಒಂದು ದಿನ. “ಮೂರೂ ಒಂದ ಹಾಡಂತೀರಿ. ಅವ್ರೆಲ್ಲಾ ಕೂಡಿದ ದಿನ ಏನ್ ಮಾಡ್ತೀರಿ?”

ಮಾತು ಒಂದೇ ಇದೆ, ಸಣ್ಣ ಪುಟ್ಟ ಫರಕು ಕೂಡಿದಾಗ ಸರಿಹೋಗುತ್ತದೆ ಎಂದೆ. ಅವಳು ರೊಟ್ಟಿ ತಿರುವಿ ಹಾಕಿದಳು.

ಹೇಳಿದ ಆಯಿತವಾರ ಬಂತು, ಗಣಿಗೆ ರಜೆ. ಇಪ್ಪತ್ತೊಂದು ಜನ ಮೊದಲ ಸಲ ಒಂದೇ ಕಡೆ ನಿಂತರು. ಮಸ್ಕಿಯಿಂದ ಬಸವಂತರಾಯರೂ ಬಂದಿದ್ದರು. ಕರಿಬಸಯ್ಯನವರು ಹಾಡಿನ ಹಾಳೆಗಳನ್ನೂ ಪೆನ್ಸಿಲ್ಲನ್ನೂ ಇಟ್ಟುಕೊಂಡು ಬೆಂಚಿನ ಮೇಲೆ ಕೂತರು. ನಾನು ಪೇಟಿಯ ಸ್ವರ ಕೊಟ್ಟೆ.

‘ಅಗಿಯೋಣ ಬರ್ರೆಪ್ಪ’ ಎನ್ನುವವರೆಗೆ ಒಂದೇ ಹಾಡಾಗಿತ್ತು. ಆಮೇಲೆ ಜಂಬಣ್ಣನ ಕಡೆಯವರು ಮೇಲಕ್ಕೆ ಏರಿದರು. ಯಂಕೋಬನವರು ಮುಂದಕ್ಕೆ ಓಡಿದರು. ಶಾವಲಿಯವರು ಕಣ್ಣು ಮುಚ್ಚಿಕೊಂಡು ತಮ್ಮ ಪಾಡಿಗೆ ತಾವು ನಡೆಯುತ್ತಲೇ ಇದ್ದರು. ತಬಲಾದವನು ಯಾರಿಗೆ ಬಾರಿಸಬೇಕೆಂದು ತಿಳಿಯದೆ ಕೈ ಎತ್ತಿಬಿಟ್ಟ. ಯಂಕೋಬನವರು ಮುಗಿಸಿ ಬಾಯಿ ಒರೆಸಿಕೊಂಡ ಮೇಲೂ ಶಾವಲಿಯವರಿಗೆ ಒಂದೂವರೆ ಸಾಲು ಬಾಕಿ ಇತ್ತು.

“ಏ ಶಾವಲಿ, ಹಾಡಾಕ ಬಂದೀಯೋ ಮಲಗಾಕ ಬಂದೀಯೋ?” ಎಂದ ಯಂಕೋಬ. “ನಾವು ಸಿಂಧನೂರು ಮುಟ್ಟೀವಿ. ನೀವಿನ್ನ ಹಟ್ಟಿ ಬಿಟ್ಟಿಲ್ಲ.”

ಎಲ್ಲರೂ ನಕ್ಕರು. ಶಾವಲಿ ಮೆತ್ತಗೆ, “ಮಾಸ್ತರ ನಮಗ ಹಿಂಗ ಕಲಿಸ್ಯಾರ,” ಎಂದ.

“ಮಾಸ್ತರ ಬರೋಬರಿನ ಕಲಿಸ್ಯಾರ. ನೀವ ತೂಕಡಿಸಿಕೋಂತ ಕಲ್ತೀರಿ.”

ಶಾವಲಿ ನನ್ನ ಕಡೆ ನೋಡಿದ. ನಾನು ಪೇಟಿಗೆ ಗಾಳಿ ಊದುವ ಬಾತಿಯನ್ನು ಸರಿಮಾಡುವವನಂತೆ ಬಗ್ಗಿದೆ. ಬಾತಿಗೆ ಏನೂ ಆಗಿರಲಿಲ್ಲ. ಇನ್ನೊಮ್ಮೆ ಹಾಡಿಸಿದೆ, ಮತ್ತೊಮ್ಮೆ ಹಾಡಿಸಿದೆ. ಪ್ರತಿ ಸಲವೂ ಹಾಗೆಯೇ ಆಯಿತು. ಜಂಬಣ್ಣನ ಗುಂಪು ಮೂರನೆಯ ಸಲಕ್ಕೆ ಯಂಕೋಬನವರ ಲಯಕ್ಕೆ ಹೇಗೋ ಜೋತುಬಿದ್ದಿತು. ಶಾವಲಿಯವರು ಮಾತ್ರ ಕದಲಲಿಲ್ಲ. ಕಲಿತದ್ದನ್ನು ಬಿಡಬಾರದು ಎಂದು ನಾನೇ ಅವರಿಗೆ ಹೇಳಿದ್ದೆ.

ಕರಿಬಸಯ್ಯನವರು ನನ್ನ ಹತ್ತಿರ ಬಂದು ಬಗ್ಗಿ, ನನಗೊಬ್ಬನಿಗೇ ಕೇಳುವಂತೆ ಹೇಳಿದರು. “ಬ್ಯಾಸರ ಮಾಡ್ಕೋಬ್ಯಾಡ್ರಿ ಮಾಸ್ತರ. ನಿಮ್ಮ ಮಟ್ಟು ಚಲೋ ಐತಿ. ರಾತ್ರಿ ಪಾಳಿಯವ್ರನ್ನ ಬಿಟ್ಟುಬಿಡೋಣು. ಪಾಪ, ನಿದ್ದಿಗೆಟ್ಟಾರ, ಅವ್ರ ಕೈಲೆ ಆಗಂಗಿಲ್ಲ. ಹದಿನಾಕು ಮಂದಿ ಸಾಕು. ಮಟ್ಟು ನಿಮ್ಮದ ಇರ್ಲಿ, ನಾಳಿಗೆ ಛಾಪಾಕ್ಕ ಕಳಸ್ತೀನಿ.”

ನಾನು ತಲೆಯಾಡಿಸಿದರೆ ಸಾಕಾಗಿತ್ತು. ಮಟ್ಟು ಉಳಿಯುತ್ತಿತ್ತು, ಮಾಸ್ತರ ಎಂಬ ಹೆಸರೂ ಉಳಿಯುತ್ತಿತ್ತು. ಶಾವಲಿಯ ಏಳು ಮಂದಿ ಏನೂ ಅನ್ನುತ್ತಿರಲಿಲ್ಲ. ಅವರು ಆಗಲೇ ತಮ್ಮದೇ ತಪ್ಪಿರಬೇಕು ಎಂಬ ಮುಖ ಮಾಡಿ ಗೋಡೆಯ ಕಡೆ ಸರಿದಿದ್ದರು. ಅವರಲ್ಲಿ ಒಬ್ಬನಂತೂ, ಇನ್ನೊಂದು ವಾರ ಕೊಟ್ಟರೆ ನಿದ್ದೆ ಮಾಡಿ ಬಂದು ಕಲಿಯುತ್ತೇವೆ ಎಂದು ಯಂಕೋಬನಿಗೆ ಹೇಳುತ್ತಿದ್ದ. ಅದು ನನ್ನ ಕಿವಿಗೆ ಬಿತ್ತು. ಪೇಟಿಯ ಮೇಲಿಂದ ಕೈ ತೆಗೆದು ಎದ್ದು ನಿಂತೆ.

“ಗಲತಿ ಅವರದಲ್ರಿ, ನಂದು,” ಎಂದೆ. “ನಾ ಮೂರು ಪಾಳಿಗೆ ಮೂರು ಮಟ್ಟು ಕಲಿಸೀನಿ. ಒಂದಕ್ಕ ಮನಸ ನಿಲ್ಲಲಿಲ್ಲ. ಶಾವಲಿಯವ್ರು ಕಲಿಸಿದ್ದನ್ನ ಕಲಿಸಿದಂಗ ಹಾಡಾಕತ್ಯಾರ.”

ಇನ್ನು ಪೇಟಿಯನ್ನು ಮುಚ್ಚಿಟ್ಟು ಮನೆಗೆ ಹೋಗುವುದು ಎಂದುಕೊಂಡೆ. ಬಸ್ಸಮ್ಮನಿಗೆ ಹೇಗೆ ಹೇಳುವುದು ಎಂದೂ ಯೋಚಿಸತೊಡಗಿದ್ದೆ. ಆಗ ಜಂಬಣ್ಣ ನಗಲು ಶುರುಮಾಡಿದ.

“ಅಂದ್ರ ಒಂದ ಹಾಡಿಗೆ ಮೂರು ಮಟ್ಟು ಹಾಕೀರಿ,” ಎಂದ. “ಅಲ್ರೀ, ಬ್ಯಾರೆ ಮಾಸ್ತರಗೋಳು ಮೂರು ಹಾಡಿಗೆ ಒಂದ ಮಟ್ಟು ಹಾಕಿ ಕೈ ತೊಳಕೋತಾರ.”

ಆ ನಗು ಶೆಡ್ಡಿನ ತುಂಬ ಹರಡಿತು. ನಾನು ಮತ್ತೆ ಪೇಟಿಯ ಮುಂದೆ ಕೂತೆ. ಯಂಕೋಬ ಶಾವಲಿಯ ಹೆಗಲ ಮೇಲೆ ಕೈ ಹಾಕಿ ಏನೋ ಹೇಳಿದ. ಅದು ಕ್ಷಮೆಯೋ ಇನ್ನೊಂದು ಬೈಗುಳವೋ ತಿಳಿಯಲಿಲ್ಲ, ಶಾವಲಿಯಂತೂ ಅವನ ಬೆನ್ನಿಗೊಂದು ಗುದ್ದಿದ. ಆಮೇಲೆ ನಮ್ಮ ಕಡೆಯ ಜನಕ್ಕೆ ಸಹಜವಾದದ್ದೇ ಆಯಿತು. ಮೂರು ಪಾಳಿ, ಮೂರು ಮಟ್ಟು ಎಂದ ಮೇಲೆ ಯಾರದು ಹೆಚ್ಚು ಎಂದು ನೋಡದೆ ಬಿಡುವುದುಂಟೇ? ಬೆಂಚುಗಳನ್ನು ಎಳೆದು ಮೂರು ದಿಕ್ಕಿಗೆ ಕೂತರು. ಗೀಗೀ ಪದದವರ ಹಾಗೆ ಸವಾಲಿಗೆ ಬಿದ್ದರು. ಬಸವಂತರಾಯರನ್ನು ಎಳೆದು ನಡುವೆ ಕೂರಿಸಿ, ನ್ಯಾಯ ನೀವು ಹೇಳಬೇಕು ಎಂದರು.

ಮೊದಲು ಯಂಕೋಬನವರು. ಹಾಡು ಕುಣಿಯುತ್ತಿತ್ತು, ಬಾಗಿಲಲ್ಲಿ ನೋಡಲು ನಿಂತ ಹೆಂಗಸರು ಕೂಡ ತಲೆದೂಗಿದರು. ಆಮೇಲೆ ಜಂಬಣ್ಣನವರು. ಎರಡನೆಯ ಸಾಲು ಏರುವಾಗ ಒಬ್ಬನ ಗಂಟಲು ಒಡೆದರೂ ಬಿಡಲಿಲ್ಲ. ಕೊನೆಗೆ ಶಾವಲಿಯವರು ಹಾಡಿದರು. ಅವರು ಬೇರೆಯವರ ಹಾಗೆ ಮುಂದೆ ಬಂದು ನಿಲ್ಲಲಿಲ್ಲ, ಗೋಡೆಯ ಹತ್ತಿರವೇ ನಿಂತು ಹಾಡಿದರು. ನಾನು ಪೇಟಿಯನ್ನು ತುಸುವೇ ಹಿಡಿದಿದ್ದೆ. ತಬಲಾದವನು ಒಂದು ಬೆರಳಿನಲ್ಲಿ ತಾಳ ಇಟ್ಟ. ಮಟ್ಟು ಬಂದ ಬೆಳಿಗ್ಗೆ ನಾನು ಗಣಿಯ ದಾರಿಯಲ್ಲಿ ಕೇಳಿದ್ದೇ ಅದು, ನಡೆಯುವವರ ಹೆಜ್ಜೆಯಷ್ಟೇ.

ಮುಗಿದ ಮೇಲೆ ಮೊದಲು ಮಾತಾಡಿದವನು ಯಂಕೋಬನೇ. “ಇದು ಅಗಿಯೋ ಮಂದಿ ಹಾಡಿದಂಗ ಐತಿ. ನಮ್ಮದು ಅಗದು ಮುಗಿಸಿ ಮನಿಗೆ ಹೊಂಟವ್ರಂಗ ಐತಿ.”

ಬಸವಂತರಾಯರು ಬೆಂಚಿನ ತುದಿಗೆ ಬಂದರು. ಹಾಡು ಒಂದೇ ಸಲ ಬರಬೇಕೆಂದು ಯಾರು ಹೇಳಿದರು ಎಂದರು. ನಾಟಕದಲ್ಲಿ ಕಾಲುವೆ ಮೊದಲು ಶುರುವಾಗುತ್ತದೆ, ನಡುವೆ ಬಂಡೆ ಅಡ್ಡ ಬರುತ್ತದೆ, ಕೊನೆಗೆ ನೀರು ಬರುತ್ತದೆ. ಶುರುವಿಗೆ ಶಾವಲಿಯವರು ಅಗೆಯುತ್ತ ಬರಲಿ, ಬಂಡೆ ಒಡೆಯಲು ಜಂಬಣ್ಣನವರು, ನೀರು ಕಂಡಾಗ ಯಂಕೋಬನವರು. ಮೂರೂ ಗುಂಪು ಮೂರು ಊರಿನ ಕೂಲಿಯವರು ಎಂದುಕೊಂಡರಾಯಿತು. ಇದನ್ನು ಹೇಳುತ್ತ ಅವರು ಆಗಲೇ ಹಾಳೆಯ ಮೇಲೆ ಗೀಚತೊಡಗಿದ್ದರು.

“ಅದೆಲ್ಲಾ ಖರೆ,” ಎಂದರು ಕರಿಬಸಯ್ಯನವರು. “ಕಡೀಕ ಇಪ್ಪತ್ತೊಂದು ಮಂದೀನೂ ಕೂಡಿ ಹಾಡಬೇಕಲ್ಲ. ಅಲ್ಲಿ ಯಾವದು? ಅದು ಒಂದ ಇರಬೇಕು. ಫೈಸಲ್ ಮಾಡ್ರಿ ಮಾಸ್ತರ.”

ಸಂಜೆಯವರೆಗೆ ಯೋಚಿಸಿ ಹೇಳುತ್ತೇನೆ ಎಂದೆ.

“ಸಂಜಿತನಕ ಬಿಟ್ರ ನೀವು ನಾಕನೇದು ತರ್ತೀರಿ.”

ಇಪ್ಪತ್ತೊಂದು ಜನ ನನ್ನ ಬಾಯಿ ನೋಡುತ್ತಿದ್ದರು. ಬಿಲ್ಲೆ ಎಣಿಸುವಾಗ ಲೆಕ್ಕ ಸರಿಯೋ ತಪ್ಪೋ ಎಂದು ಹಲಗೆಯೇ ಹೇಳುತ್ತದೆ. ಇಲ್ಲಿ ಹೇಳುವವರು ಯಾರೂ ಇರಲಿಲ್ಲ. ಶಾವಲಿಯವರದು ಎಂದೆ. ಎಲ್ಲರ ಗಂಟಲಿಗೂ ಸಿಗುವ ಸ್ವರ ಅದು, ಮೊದಲು ಬಂದದ್ದೂ ಅದೇ ಎಂದು ಕಾರಣ ಕೊಟ್ಟೆ. ಕಾರಣ ಯಾರಿಗೂ ಬೇಕಿರಲಿಲ್ಲ. ಯಂಕೋಬ ಆಗಲೇ ತನ್ನವರನ್ನು ಶಾವಲಿಯ ಮುಂದೆ ಕೂರಿಸಿ, “ಹೇಳಿಕೊಡಪಾ ಉಸ್ತಾದ, ನಾವೂ ತೂಕಡಿಸಾದು ಕಲೀತೀವಿ,” ಎನ್ನುತ್ತಿದ್ದ.

ಕರಿಬಸಯ್ಯನವರು ಪೆನ್ಸಿಲ್ ಹಿಡಿದು ಹಾಡಿನ ತಲೆಯ ಮೇಲೆ ಮಟ್ಟು ಎಂದು ಬರೆದರು. ಮುಂದೆ ಏನು ಬರೆಯಲಿ ಎಂದು ಕೇಳಿದರು. ಖಾಲಿ ಬಿಡಿ ಎಂದೆ.

“ಖಾಲಿ ಬಿಟ್ರ ಛಾಪಖಾನಿಯಾವ, ಬರಿಯಾಕ ಮರತಾರಂತ ತಾನ ಏನರ ತುಂಬತಾನ,” ಎಂದು ಅವರು ತಾವೇ ಬರೆದರು. ‘ಮಟ್ಟು: ಅಂಬಪ್ಪ ಮಾಸ್ತರದು.’ ನಾನು ಅಕ್ಷರಗಳನ್ನು ಒಂದು ಸಲವಷ್ಟೇ ಓದಿದೆ. ಮತ್ತೆ ಮತ್ತೆ ಓದಿದರೆ ಅವರು ನೋಡುತ್ತಾರೆಂದು.

ನಾಟಕ ಆದದ್ದು ದೀಪಾವಳಿ ಕಳೆದ ಮೇಲೆ, ಸಿಂಧನೂರಿನಲ್ಲಿ. ಮರುದಿನ ಮುಂಜಾನೆಯ ಪಾಳಿಗೆ ಇಳಿಯಬೇಕಾದವರು ಇದ್ದುದರಿಂದ ಹಗಲು ಮೂರು ಗಂಟೆಗೇ ಪರದೆ ಏಳಬೇಕೆಂದು ಕರಿಬಸಯ್ಯನವರು ಕರಾರು ಮಾಡಿದ್ದರು. ಬಿಸಿಲಲ್ಲಿ ಬಣ್ಣ ಹಚ್ಚಿಕೊಂಡು ನಿಂತವರನ್ನು ನೋಡಿ ಜನ ಮೊದಲು ಬಹಳ ನಕ್ಕರು. ಮುಕ್ಕುಂದದ ಕಡೆಯಿಂದ ಬಂಡಿ ಕಟ್ಟಿಕೊಂಡು ಬಂದ ರೈತರಿದ್ದರು, ಕಾಲುವೆಯ ಅಗೆತದವರು ಕಾಲ ಮಣ್ಣು ತೊಳೆಯದೆ ಹಾಗೆಯೇ ಬಂದು ಕೂತಿದ್ದರು. ನಮ್ಮವರು ಗುದ್ದಲಿ ಹಿಡಿಯುವುದನ್ನು ಅವರು ಸೂಕ್ಷ್ಮವಾಗಿ ನೋಡುತ್ತಿದ್ದರು. ಒಬ್ಬ ಮುದುಕನಂತೂ ಜಂಬಣ್ಣನಿಗೆ ಕೈ ಎತ್ತಿ ಹಿಡಿ ಎಂದು ಕೂತಲ್ಲಿಂದಲೇ ತೋರಿಸಿಕೊಟ್ಟ. ಹೆಂಗಸರ ಸಾಲಿನಲ್ಲಿ ಬಸ್ಸಮ್ಮ ಕೂತಿದ್ದಳು.

ಕೊನೆಯ ಹಾಡು ಇಪ್ಪತ್ತೊಂದು ಬಾಯಲ್ಲಿ ಒಂದಾಗಿ ಬಂತು. ಮುಗಿದ ಕೂಡಲೇ ಕಾಲುವೆಯವರ ಸಾಲಿನಿಂದ ‘ವನ್ಸ್ ಮೋರ್’ ಎಂಬ ಕೂಗು ಎದ್ದಿತು. ಹಾಡು ಎರಡನೆಯ ಸಲ ಕೇಳಿದರೆ ಹಾಡಲೇಬೇಕು, ಅದು ನಾಟಕದ ಪದ್ಧತಿ. ಎರಡನೆಯ ಸಲ ಮಾಸ್ತರ ತುಸು ಬೇರೆ ಮಾಡಿ, ಒಂದು ತಿರುವು ಹಾಕಿ ತನ್ನ ಕೈಚಳಕ ತೋರಿಸುವುದೂ ಪದ್ಧತಿಯೇ.

ನಾನು ಸ್ವರ ಕೊಟ್ಟೆ. ಶಾವಲಿ ಎತ್ತಿಕೊಂಡ, ಉಳಿದವರು ಸೇರಿದರು. ಎರಡನೆಯ ಸಾಲಿನಲ್ಲಿ ಒಂದು ಜಾಗವಿತ್ತು. ಅಲ್ಲಿ ಒಂದು ಸ್ವರ ಮೇಲೆ ಮುಟ್ಟಿ ಇಳಿದರೆ ಇನ್ನೂ ಚೆನ್ನಾಗಿರುತ್ತದೆ ಎಂದು ಆ ಕ್ಷಣಕ್ಕೆ ಹೊಳೆಯಿತು. ಖಂಡಿತವಾಗಿ ಚೆನ್ನಾಗಿರುತ್ತಿತ್ತು. ಬೆರಳು ಪೇಟಿಯಲ್ಲಿ ಆ ಸ್ವರದ ಮನೆಯ ಮೇಲೆ ಹೋಗಿ ನಿಂತೂ ಇತ್ತು. ಎದುರಿಗೆ ಇಪ್ಪತ್ತೊಂದು ಜನ ನಾನು ಕಲಿಸಿದ ದಾರಿ ನಂಬಿಕೊಂಡು ಹೆಜ್ಜೆ ಇಡುತ್ತ ಬರುತ್ತಿದ್ದರು. ನಾನು ಬೆರಳು ಎತ್ತಿ, ಕಲಿಸಿದ ಸ್ವರವನ್ನೇ ಒತ್ತಿದೆ.